ಅಪ್ಪನ ತಟ್ಟೆಯ ಮೊದಲ ತುತ್ತು

ಬಿಸಿ ಜೋಳದ ರೊಟ್ಟಿಯ ಮೇಲೆ ತುಪ್ಪ ಕರಗುವ ವಾಸನೆ ಎಲ್ಲಿಂದ ತೇಲಿಬಂದರೂ ನನಗೆ ಈಗಲೂ ಹಸಿವಾಗುವುದಿಲ್ಲ, ಹೊಟ್ಟೆ ಉರಿಯುತ್ತದೆ. ಬಳ್ಳಾರಿಯ ಕಂಟೋನ್ಮೆಂಟಿನ ಹಿಂದಿದ್ದ ನಮ್ಮ ಮಣ್ಣಿನ ಮಾಳಿಗೆಯ ಮನೆ ಈಗಿಲ್ಲ. ಹೊಗೆ ಹಿಡಿದು ಕರ್ರಗಾದ ತೊಲೆ, ರೊಟ್ಟಿ ಬಡಿಯುವಾಗಿನ ಅವ್ವನ ಬಳೆಯ ಸದ್ದು, ಯಾವುದೂ ಇಲ್ಲ. ಉರಿ ಮಾತ್ರ ಹಾಗೇ ಇದೆ. ನೀವೂ ಯಾರದೋ ಪಕ್ಕದಲ್ಲಿ ಎರಡನೆಯವರಾಗಿ ಬೆಳೆದಿದ್ದರೆ ನಿಮಗಿದು ಗೊತ್ತಿರುತ್ತದೆ.

ಅಪ್ಪ ಸಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಸಂಜೆ ಊಟಕ್ಕೆ ಕೂತಾಗ ಒಂದು ಕನ್ನಡ ಮಾತು ಹೇಳುವರು. ಅದನ್ನು ಇಂಗ್ಲಿಷಿನಲ್ಲಿ ಮೊದಲು ಸರಿಯಾಗಿ ಹೇಳಿದವರ ಬಾಯಿಗೆ ಅವರ ತಟ್ಟೆಯ ಮೊದಲ ತುತ್ತು. ಧೈರ್ಯ, ಸಿಟ್ಟು, ಪ್ರೀತಿ, ಇಂಥ ಕಣ್ಣಿಗೆ ಕಾಣದವನ್ನೇ ಆರಿಸುತ್ತಿದ್ದರು. "ಬರೇ ಪ್ರೀತಿ ಅಂದ್ರ ಮುಂದ ಏನೂ ಬ್ಯಾಡ. ಯಾರ ಪ್ರೀತಿ ಅಂತ ಗೊತ್ತಾತಂದ್ರ 'ದಿ' ಹಚ್ಚಬೇಕು," ಎನ್ನುತ್ತಿದ್ದರು. ನಾನು ಅದನ್ನು ಗಿಳಿಪಾಠ ಮಾಡಿದ್ದೆ. ಸಿರುಗುಪ್ಪದ ನಮ್ಮ ಸೋದರತ್ತೆ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದ ಅವರ ಮಗಳು ಗಂಗಕ್ಕನಿಗೆ ಪಾಠವೇ ಬೇಕಿರಲಿಲ್ಲ. "'ದಿ' ಹಚ್ಚಿದ್ರ ಕಿವಿಗೆ ಚುಚ್ಚತೈತಿ, ಮಾಮಾ," ಎಂದು ನಕ್ಕುಬಿಡುವಳು. ನಾನಿನ್ನೂ 'ಎ'ಯೋ 'ದಿ'ಯೋ ಎಂದು ತಡಕಾಡುತ್ತಿರುವಾಗಲೇ ತುಪ್ಪ, ಶೇಂಗಾ ಚಟ್ನಿ ಮೆತ್ತಿದ ತುತ್ತು ಅವಳ ಬಾಯಿ ಸೇರಿರುತ್ತಿತ್ತು. ಅವಳನ್ನು ಸಿರುಗುಪ್ಪದ ಬಸ್ಸು ಹತ್ತಿಸಿ ಕಳಿಸಿಬಿಡಬೇಕು ಅನ್ನಿಸುತ್ತಿತ್ತು.

ಒಂದು ದಿನ ನಾನು ಹಿತ್ತಲಲ್ಲಿ ಇದೇ ಸಂಕಟಕ್ಕೆ ಅಳುತ್ತಿದ್ದುದನ್ನು ಗಂಗಕ್ಕ ನೋಡಿದಳು. ಸಂಜೆ ಅಪ್ಪ, "ಮನಷ್ಯಾಗ ಸಹನಿ ಬೇಕು," ಎಂದದ್ದೇ ತಡ, "ಎ ಮ್ಯಾನ್ ನೀಡ್ಸ್ ದಿ ಪೇಷನ್ಸ್," ಎಂದುಬಿಟ್ಟಳು. ಎಂದೂ ತಪ್ಪದವಳು! ನಾನು ಕೂತಲ್ಲೇ ಕುಣಿದು, "'ದಿ' ಬ್ಯಾಡ, ಬರೇ ಪೇಷನ್ಸ್!" ಎಂದು ಕೂಗಿದೆ. ತುತ್ತು ನನ್ನ ಬಾಯಿಗೆ ಬಂತು. ಅಗಿಯುತ್ತ ನೋಡಿದರೆ ಅಪ್ಪನ ಎಡಗೈ ಗಂಗಕ್ಕನ ತಲೆಯ ಮೇಲಿತ್ತು. "ಬೇಕಂತನ ತಂಗಿಗೆ ಬಿಟ್ಟುಕೊಟ್ಟಿ ಅಲ್ಲಾ? ಇಕಿ ನೋಡು ನನ್ನ ಮಗಳು," ಎಂದರು. ಅವರ ಹೊಟ್ಟೆಯಲ್ಲಿ ಹುಟ್ಟಿದ ನನಗೆ ಆ ಮಾತು ಅವರು ಎಂದೂ ಹೇಳಿರಲಿಲ್ಲ. ಬಾಯಲ್ಲಿದ್ದುದನ್ನು ಉಗುಳುವಂತಿರಲಿಲ್ಲ, ನುಂಗಿದೆ.

ಮದುವೆಯಾಗಿ ಕುರುಗೋಡಿಗೆ ಹೋದ ಗಂಗಕ್ಕ ತವರಿಗೆ ಬಂದಾಗಷ್ಟೇ ಅಪ್ಪ ಇಂಗ್ಲಿಷ್ ಕೇಳುತ್ತಿದ್ದರು. ಅವಳು ವಿಷಮಜ್ವರಕ್ಕೆ ತುತ್ತಾಗಿ ತೀರಿಕೊಂಡಳು. ನಾನು ಗೋಳೋ ಎಂದು ಅತ್ತೆ. ಇನ್ನಾದರೂ ಆ ತುತ್ತು ನನ್ನದೇ ಎಂಬ ಆಸೆಯೂ ಆ ಅಳುವಿನೊಳಗಿತ್ತು. ಅಪ್ಪ ಮತ್ತೆ ಊಟದ ಹೊತ್ತಿಗೆ ಇಂಗ್ಲಿಷ್ ಕೇಳಲಿಲ್ಲ. ಮೊದಲ ತುತ್ತಿಗೆ ತುಪ್ಪ, ಚಟ್ನಿ ಮೆತ್ತಿ ತಟ್ಟೆಯ ಅಂಚಿಗಿಟ್ಟು, ಊಟ ಮುಗಿದ ಮೇಲೆ ಅದನ್ನು ಮಾಳಿಗೆಗೆ ಒಯ್ದು ಕಾಗೆಗೆ ಇಡುತ್ತಿದ್ದರು. ಅವರು ಇರುವ ತನಕ ಹಾಗೇ ನಡೆಯಿತು. ನಾನು ಎದುರಿಗೇ ಕೂತಿರುತ್ತಿದ್ದೆ.