ಸರಸಮ್ಮನ ಬಳೆಗುಂಡಿ

ನಾನೇ ಕಟ್ಟಿದ ಸುಳ್ಳೊಂದಕ್ಕೆ ಜನ ಕುಂಕುಮ ಹಚ್ಚಿ ಕೈಮುಗಿಯುವುದನ್ನು ಕಳೆದ ಭಾನುವಾರ ಕಣ್ಣಾರೆ ನೋಡಿದೆ.



ಸೋಮವಾರಪೇಟೆಯಿಂದಾಚೆ, ಹಾರಂಗಿಯ ಕಡೆಗೆ ಇಳಿಯುವ ಹೊಳೆಯೊಂದಿದೆ. ಎರಡೂ ಕಡೆ ಗೋಡೆಯಂತೆ ಎದ್ದ ಬಂಡೆ, ಕೆಳಗೆ ನೊರೆಯುಕ್ಕುವ ನೀರು, ಪಕ್ಕದಲ್ಲೇ ಕಾಲುದಾರಿ. ಈಗ ಅದಕ್ಕೆ ‘ಟ್ರೆಕ್ಕಿಂಗ್ ಟ್ರೇಲ್’ ಎಂಬ ಬೋರ್ಡು ಬಿದ್ದಿದೆ. ಅಲ್ಲಿಗೆ ಹೋಗೋಣವೆಂದು ಹಟ ಹಿಡಿದವಳು ಶ್ರುತಿ, ನನ್ನ ಅಣ್ಣನ ಮಗಳು. ಮದುವೆಯಾಗಿ ಆರು ವರ್ಷ. ಮೈಸೂರಿನ ಆಸ್ಪತ್ರೆಗೆ ತಿರುಗಿ ತಿರುಗಿ ಸೋತಿದ್ದಾಳೆ. ಸ್ವಲ್ಪ ಗಾಳಿ ಬದಲಾಗಲಿ ಅಂತ ನಾನೂ ಹೊರಟೆ.

ನಮ್ಮ ಗೈಡ್ ಹರೀಶ, ಅಲ್ಲಿಯದೇ ಹೋಂಸ್ಟೇ ಒಂದರವನು. ಅರ್ಧ ದಾರಿಯಲ್ಲಿ ಒಂದು ಕಲ್ಲಿನ ಮುಂದೆ ನಿಂತ. ಕಲ್ಲಿಗೆ ಅರಿಸಿನ, ಕುಂಕುಮ, ಸುತ್ತ ಒಡೆದ ಹಸಿರು ಬಳೆ.

“ಇದು ಬಳೆಗುಂಡಿ ಮೇಡಂ. ಹಿಂದೆ ಸರಸಮ್ಮ ಅಂತ ಒಬ್ಳು ಮದುವಣಗಿತ್ತಿ ಗಂಡನ ಮನೆಗೆ ಹೋಗ್ತಾ ಇದ್ಲು. ಕೈಬಳೆ ಜಾರಿ ನೀರಿಗೆ ಬಿತ್ತು. ತೆಗೆಯೋಕೆ ಬಗ್ಗಿದ್ಲು, ಹೋಗೇ ಬಿಟ್ಲು. ನೂರಾರು ವರ್ಷದ ಕತೆ. ಇಲ್ಲಿ ಬಳೆ ಬಿಟ್ಟೋರಿಗೆ ಮಕ್ಕಳಾಗ್ತವೆ.”

ನೂರಾರು ವರ್ಷ? ನನಗೇ ಇನ್ನೂ ಐವತ್ತೆರಡು.

ಕಾಲೇಜಿನ ಕೆಲಸಕ್ಕೆ ಸೇರಿದ ಹೊಸತರಲ್ಲಿ ಎನ್‌ಎಸ್‌ಎಸ್ ಕ್ಯಾಂಪಿಗೆ ಹುಡುಗ ಹುಡುಗಿಯರನ್ನು ಇಲ್ಲಿಗೆ ಕರೆತಂದಿದ್ದೆ. ಎಷ್ಟು ಬೈದರೂ ಬಂಡೆಯ ತುದಿಗೇ ಹೋಗುತ್ತಿದ್ದರು. ಸಾಕಾಗಿ, ಸಂಜೆ ಕೂರಿಸಿಕೊಂಡು ಕತೆ ಕಟ್ಟಿದೆ: ಮದುವಣಗಿತ್ತಿ, ಬಳೆ, ತುದಿಗೆ ಬಂದವರನ್ನು ಅವಳು ಎಳೆದುಕೊಳ್ಳುತ್ತಾಳೆ. ಹೆಸರು ಬೇಕಿತ್ತು. ಎಲ್ಲರೂ ಹೆದರುತ್ತಿದ್ದ ಹಾಸ್ಟೆಲ್ ವಾರ್ಡನ್ನಿನ ಹೆಸರನ್ನೇ ಇಟ್ಟೆ. (ಸರಸಮ್ಮ ಮೇಡಂ ಗಟ್ಟಿಮುಟ್ಟಾಗಿದ್ದಾರೆ. ಮೊನ್ನೆ ಸಂತೆಯಲ್ಲಿ ಹಸಿಮೆಣಸಿಗೆ ಚೌಕಾಸಿ ಮಾಡುತ್ತಿದ್ದರು.) ಮರುದಿನ ಒಬ್ಬರೂ ತುದಿಯತ್ತ ಸುಳಿಯಲಿಲ್ಲ. ಎಂಥ ಹೆಮ್ಮೆ ನನಗೆ!

ಜನರನ್ನು ತುದಿಯಿಂದ ದೂರ ಇಡಲು ಕಟ್ಟಿದ ಕತೆ ಈಗ ಜನರನ್ನು ತುದಿಗೇ ಕರೆಯುತ್ತಿದೆ. ನನ್ನ ಸರಸಮ್ಮ ಎಳೆದುಕೊಳ್ಳುತ್ತಿದ್ದಳು. ಇವರ ಸರಸಮ್ಮ ಕೊಡುತ್ತಾಳೆ.

ತಿರುಗಿ ನೋಡಿದರೆ ಶ್ರುತಿ ಬ್ಯಾಗಿನಿಂದ ಬಳೆ ತೆಗೆಯುತ್ತಿದ್ದಾಳೆ. ಒಂದು ಡಜನ್, ಹಸಿರು. ಬಂದದ್ದೇ ಇದಕ್ಕೆ.

“ಶ್ರುತೀ, ಇದು ಸುಳ್ಳು ಕಣೇ. ನಾನೇ ಕಟ್ಟಿದ್ದು.”

ಹರೀಶ ನಕ್ಕ. “ನೀವು ಎಲ್ಲೋ ಕೇಳಿರ್ತೀರಿ ಮೇಡಂ. ಆಮೇಲೆ ನಾನೇ ಕಟ್ದೆ ಅಂತ ಅನ್ಸಿರುತ್ತೆ. ವಯಸ್ಸಾದ್ಮೇಲೆ ಹಂಗೆ.”

ಆ ಮಾತು ನೇರವಾಗಿ ನಾಟಿತು.

ಯಾಕೆಂದರೆ ನಾನು ಇತಿಹಾಸದ ಮೇಷ್ಟ್ರು. ನೆನಪನ್ನು ಸಾಕ್ಷಿಯೆಂದು ಒಪ್ಪಬೇಡಿ, ಅದು ಹೇಳಿದಷ್ಟು ಸಲ ಬದಲಾಗುತ್ತದೆ ಎಂದು ವರ್ಷವಿಡೀ ಪಾಠ ಮಾಡುವವಳು. (ಈ ಅಂಕಣದಲ್ಲೂ ಅದನ್ನು ನಿಮಗೆ ಸಾಕೆನಿಸುವಷ್ಟು ಸಲ ಹೇಳಿದ್ದೇನೆ.) ಕ್ಯಾಂಪಿನ ಹಿಂದಿನ ದಿನ ಕಾಫಿ ಕೊಟ್ಟ ಎಸ್ಟೇಟಿನ ಮುದುಕಿಯೊಬ್ಬಳು ಏನೋ ಹೇಳಿದ ಹಾಗೆ ಈಗ ಯಾಕೆ ನೆನಪಾಗುತ್ತಿದೆ? ಆಕೆ ನಿಜಕ್ಕೂ ಇದ್ದಳೇ? ಅಥವಾ ಹರೀಶ ಹೇಳಿದ ಮೇಲೆ ಹುಟ್ಟಿದಳೇ?

ನಾನು ಹೀಗೆ ನನ್ನನ್ನೇ ಪಾಟೀಸವಾಲು ಮಾಡುತ್ತಿರುವಾಗ ಶ್ರುತಿ ಬಂಡೆ ಇಳಿದಿದ್ದಳು.

ಎಸೆಯುವ ಹಾಗಿಲ್ಲವಂತೆ. ಕೈಯಾರೆ ನೀರಿಗೇ ಬಿಡಬೇಕಂತೆ. ಮಳೆ ಬಿಟ್ಟು ಇನ್ನೂ ಹೆಚ್ಚು ದಿನವಾಗಿಲ್ಲ, ಬಂಡೆ ತುಂಬ ಪಾಚಿ. ಅವಳು ಬಗ್ಗಿದಳು. ಕಾಲು ತಪ್ಪಿತು. ಸೊಂಟದವರೆಗೆ ನೀರಿಗೆ ಜಾರಿದವಳ ದುಪಟ್ಟಾವನ್ನು ಹರೀಶ ಹಿಡಿದ, ಆಮೇಲೆ ತೋಳು. ನಾನು? ಓಡಿದೆ ಎಂದು ಬರೆಯುವ ಆಸೆ. ನಿಂತೇ ಇದ್ದೆ. ಕೂಗಿದೆನೋ ಇಲ್ಲವೋ, ಅದೂ ಗೊತ್ತಿಲ್ಲ.

ಮೇಲೆ ತಂದು ಕೂರಿಸಿದಾಗ ಮಂಡಿ ತರಚಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಮುಷ್ಟಿಯಲ್ಲಿ ಇನ್ನೂ ನಾಲ್ಕು ಬಳೆ.

“ನೀವು ಸುಳ್ಳು ಅಂದ್ರಲ್ಲ ಮೇಡಂ, ಅದಕ್ಕೇ ಜಾರಿದ್ದು,” ಅಂದ ಹರೀಶ. ಬೈಯಲಿಲ್ಲ, ತಿಳಿಸಿ ಹೇಳಿದ.

ನಿಜ ಹೇಳಿದ್ದೇ ಸುಳ್ಳಿಗೆ ಇನ್ನೊಂದು ಪುರಾವೆಯಾಯಿತೇ?

ಶ್ರುತಿ ಎದ್ದಳು. “ಅತ್ತೆ, ಇನ್ನೊಂದ್ಸಲ ಇಳೀತೀನಿ.”

“ಹುಚ್ಚು ಹಿಡಿದಿದೆಯಾ ನಿಂಗೆ? ಕೂತ್ಕೋ.”

“ಇಷ್ಟು ದೂರ ಬಂದು ಬಿಡದೇ ಹೋದ್ರೆ ಆಮೇಲೆ ಅದೇ ಕೊರೀತಿರುತ್ತೆ ಅತ್ತೆ. ನಿಮಗೆ ಗೊತ್ತಾಗಲ್ಲ.” ಅಷ್ಟು ಹೇಳಿ ಬಂಡೆಯತ್ತ ನಡೆದೇ ಬಿಟ್ಟಳು.

ಪಾಚಿಯ ಬಗ್ಗೆ ಹೇಳಲೇ? ಪುರಾವೆಯ ಬಗ್ಗೆ? ಸಂತೆಯಲ್ಲಿ ಮೆಣಸು ಕೊಳ್ಳುವ ಸರಸಮ್ಮ ಮೇಡಂಗೆ ಫೋನ್ ಹಚ್ಚಲೇ?

“ಒಂದ್ಸಲ ಜಾರಿದವರು ಮತ್ತೆ ಇಳೀಬಾರದು,” ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ಮೇಲಿಂದಲೇ ಬಿಡಬೇಕು. ಅವಳೇ ಬಂದು ತೊಟ್ಕೋತಾಳೆ.”

ಶ್ರುತಿ ನಿಂತಳು. “ಯಾರು ಹೇಳಿದ್ದು?”

“ನಮ್ಮಜ್ಜಿ.”

(ನಮ್ಮಜ್ಜಿ ಶನಿವಾರಸಂತೆ ದಾಟಿ ಈಚೆಗೆ ಬಂದವರಲ್ಲ. ಈ ಹೊಳೆಯನ್ನು ನೋಡೇ ಇಲ್ಲ.)

ಶ್ರುತಿ ನನ್ನ ಪಕ್ಕಕ್ಕೆ ಬಂದು, ಕಣ್ಣು ಮುಚ್ಚಿ, ನಾಲ್ಕೂ ಬಳೆಯನ್ನು ಮೇಲಿಂದಲೇ ಬಿಟ್ಟಳು. ನೀರಿನ ಸದ್ದಿಗೆ ಅವು ಬಿದ್ದದ್ದೂ ಕೇಳಲಿಲ್ಲ. ಅವಳ ಮುಖದಲ್ಲಿ ಎಷ್ಟೋ ತಿಂಗಳಿಂದ ನಾನು ಕಾಣದ ನೆಮ್ಮದಿ.

“ಹೌದೌದು,” ಅಂದ ಹರೀಶ, ತಲೆಯಾಡಿಸುತ್ತ. “ನಮ್ಮಜ್ಜಿನೂ ಹಿಂಗೇ ಹೇಳೋರು.”

ಕಣ್ಣು ಮಿಟುಕಿಸುತ್ತಾನೇನೋ ಎಂದು ಅವನ ಮುಖವನ್ನೇ ನೋಡಿದೆ. ಇಲ್ಲ. ಹೊಳೆಗೆ ಕೈಮುಗಿದು ನಿಂತಿದ್ದ.

ಈಗ ನೀವೇ ಹೇಳಿ, ಇದನ್ನೆಲ್ಲ ಕಟ್ಟಿದವಳು ನಾನೇ ಎಂದು ನಾನಾದರೂ ಇನ್ನೆಷ್ಟು ದಿನ ನಂಬಲಿ?