ಬೀಗದ ಭಾವನ ಬೆರಳ ತುದಿ

ನಮ್ಮ ಅಕ್ಕನ ಗಂಡನನ್ನು ಬೀದಿಯವರೆಲ್ಲ ಬೀಗದ ಭಾವ ಎನ್ನುತ್ತಾರೆ. ಭಾವ ಎಂದು ಕರೆಯುವ ಹಕ್ಕು ಇದ್ದದ್ದು ನನಗೊಬ್ಬನಿಗೆ. ಅವರ ಬೀಗದ ಅಂಗಡಿ ಮುಂದೆ ನಿಂತು ದಿನವೂ ಕೂಗಿ ಕೂಗಿ ನಾನೇ ಅದನ್ನು ಊರಿಗೆಲ್ಲ ಹಂಚಿಬಿಟ್ಟೆ.

ಇಬ್ಬರು ನಿಂತರೆ ಮೂರನೆಯವನು ಬೀದಿಗೆ ಬೀಳುವಷ್ಟು ಚಿಕ್ಕ ಅಂಗಡಿ. ಗೋಡೆ ತುಂಬ ಇನ್ನೂ ಹಲ್ಲು ಮೂಡದ ಕೀಗಳು, ಮೇಜಿನ ಮೇಲೆ ಅರ, ಸುತ್ತಿಗೆ, ಎಣ್ಣೆ ಡಬ್ಬಿ. ಯಾರಾದರೂ ಕೀ ಕಳೆದುಕೊಂಡು ಬಂದರೆ ಭಾವ ಬೀಗದ ಬಾಯಿಗೆ ತುದಿ ಬಾಗಿದ ತಂತಿ ತೂರಿಸಿ, ಕಣ್ಣನ್ನು ಎದುರಿನ ಔಷಧಿ ಅಂಗಡಿಯ ಬೋರ್ಡಿನ ಮೇಲಿಟ್ಟು, ಒಳಗಿನ ಪುಟ್ಟ ಪಿನ್ನುಗಳನ್ನು ಒಂದೊಂದಾಗಿ ಎತ್ತುತ್ತಿದ್ದರು. ಪಿನ್ನು ತನ್ನ ಜಾಗ ಸೇರಿದಾಗ ತೋರುಬೆರಳಿಗೆ ಕೂದಲೆಳೆಯಷ್ಟು ಅದುರು ತಾಗುತ್ತದಂತೆ. ಒಮ್ಮೆ ನಾನೂ ಕೈ ಹಾಕಿದ್ದೆ. ತಂತಿ ಮುರಿದು ಒಳಗೇ ಕೂತಿತು. ಬೀಗವೂ ಹೋಯಿತು, ನನ್ನ ಮರ್ಯಾದೆಯೂ ಹೋಯಿತು.

ಹೋದ ವರ್ಷ ತುಕ್ಕು ಹಿಡಿದ ಬೀಗವೊಂದನ್ನು ಕೊಯ್ಯುವಾಗ ಯಂತ್ರದ ಚಕ್ರ ಜಾರಿ ಭಾವನ ಬಲ ಮಣಿಕಟ್ಟಿಗೆ ಬಂತು. ಡಾಕ್ಟರು ಕಡಿದ ನರವನ್ನು ಹೊಲಿದರು. ಗಾಯವೇನೋ ಮಾಗಿತು, ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಮರಗಟ್ಟಿಹೋದವು. ಒಂದು ಬೆಳಿಗ್ಗೆ ಒಲೆಯ ಮೇಲಿನ ಪಾತ್ರೆ ಹಿಡಿದ ಭಾವನಿಗೆ ಬೆರಳು ಸುಡುತ್ತಿರುವುದು ಗೊತ್ತಾದದ್ದು ಮೂಗಿನಿಂದ.

"ಬೇಸಿಗೆವರೆಗೂ ನೋಡ್ತೀನಿ," ಎಂದರು ಅವತ್ತು. "ಕೀ ಮಾಡೋ ಯಂತ್ರ ಯಾರು ಬೇಕಾದ್ರೂ ತಿರುಗಿಸ್ತಾರೆ. ಬೀಗ ತೆಗೆಯೋಕೆ ಬರ್ಲಿಲ್ಲ ಅಂದ್ರೆ ಅಂಗಡಿ ಬಿಟ್ಟು ಎಲ್ಲಾದ್ರೂ ಗೇಟ್ ಕಾಯ್ತೀನಿ."

"ಗೇಟ್ ಕಾಯೋಕೆ ಎಚ್ಚರ ಇರ್ಬೇಕು ಕಣ್ರೀ," ಎಂದಳು ಅಕ್ಕ. ಮಾತು ತಮಾಷೆಯದು, ಆದರೆ ಆಡಿದವಳು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ನಾನು ಧೈರ್ಯ ಹೇಳಿದೆ. "ಹೊಲಿದಾಯ್ತಲ್ಲ ಭಾವ, ವೈರ್ ಜೋಡಿಸಿದ ಮೇಲೆ ಕರೆಂಟ್ ಬರ್ಲೇಬೇಕು."

"ವೈರ್ ಅಲ್ಲ ಮಾಮ," ಎಂದಳು ಅಕ್ಕನ ಮಗಳು. ನರಕೋಶಗಳನ್ನು ಗಾಜಿನ ಮೇಲೆ ಬೆಳೆಸಿ, ಅವು ಬೆಳೆಯುವುದನ್ನು ಸೂಕ್ಷ್ಮದರ್ಶಕದಡಿ ಚಿತ್ರ ತೆಗೆಯುವುದು ಅವಳ ಉದ್ಯೋಗ. "ಕಡಿದ ಜಾಗದಿಂದ ಆಚೆ ಇದ್ದ ಎಳೆ ಪೂರ್ತಿ ಸತ್ತೋಗುತ್ತೆ. ಖಾಲಿ ಕೊಳವೆ ಮಾತ್ರ ಉಳಿಯುತ್ತೆ. ಅದರೊಳಗೆ ಹೊಸ ಎಳೆ ಮಣಿಕಟ್ಟಿಂದ ಬೆರಳ ತುದಿವರೆಗೂ ಬೆಳ್ಕೊಂಡು ಹೋಗ್ಬೇಕು. ದಿನಕ್ಕೆ ಹೆಚ್ಚೂ ಕಮ್ಮಿ ಒಂದು ಮಿಲಿಮೀಟರ್."

"ಥೇಟ್ ನಿಮ್ಮಪ್ಪ," ಎಂದಳು ಅಕ್ಕ.

ಹುಡುಗಿ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಉದ್ದನೆಯ ಎಳೆಯ ತುದಿಯಲ್ಲಿ ಅಂಗೈಯಂಥದ್ದೊಂದು ಅರಳಿಕೊಂಡಿತ್ತು. ಅದರಿಂದ ಸಣ್ಣ ಸಣ್ಣ ಬೆರಳುಗಳು ಚಾಚುತ್ತಿದ್ದವು, ಏನನ್ನೋ ಮುಟ್ಟುತ್ತಿದ್ದವು, ಸರಿ ಬರದಿದ್ದರೆ ಒಳಕ್ಕೆ ಸೇರಿಕೊಳ್ಳುತ್ತಿದ್ದವು.

"ಈ ಬೆರಳುಗಳೆಲ್ಲ ಆಕ್ಟಿನ್ ಅನ್ನೋ ಪ್ರೋಟೀನಿನ ಎಳೆಗಳಿಂದ ಆಗಿರೋದು," ಎಂದಳು. "ಮುಂದ್ಗಡೆ ಕಟ್ಟುತ್ತೆ, ಹಿಂದ್ಗಡೆ ಬಿಚ್ಚುತ್ತೆ, ಬಿಚ್ಚಿದ ಚೂರುಗಳನ್ನೇ ಮತ್ತೆ ಮುಂದೆ ತಂದು ಕಟ್ಟುತ್ತೆ. ಬೆರಳಿಗೆ ಹಿಡಿತ ಸಿಕ್ಕಿದ ಕಡೆ ತುದಿ ಮುಂದಕ್ಕೆ ಹೋಗುತ್ತೆ. ಎಳೆಯೊಳಗೇ ಹಿಂದಿಂದ ಗಟ್ಟಿಯಾದ ಬೇರೆ ಸಣ್ಣ ಕೊಳವೆಗಳು ಬಂದು ಆ ದಾರಿನ ಖಾಯಂ ಮಾಡ್ತವೆ."

"ನಿಮ್ಮಪ್ಪನಿಗೆ ಹಿಂದ್ಗಡೆ ಬಿಚ್ಚೋ ಭಾಗ ಮಾತ್ರ ಬರುತ್ತೆ," ಎಂದಳು ಅಕ್ಕ. ಮನೆಯ ಕಿಟಕಿಗಳ ಮೇಲೆ ಬಿಚ್ಚಿಟ್ಟ ಬೀಗಗಳು ಅವಳ ಪರ ಸಾಕ್ಷಿ ಹೇಳುತ್ತಿದ್ದವು.

ಭಾವ ಮಾತ್ರ ಫೋನಿನಿಂದ ಕಣ್ಣು ಕೀಳಲಿಲ್ಲ. "ಕಣ್ಣಿಲ್ಲ ಅಲ್ವೇನೇ ಇದಕ್ಕೆ?"

"ಇಲ್ಲಪ್ಪ. ಮುಟ್ಟಿ ಮುಟ್ಟಿ ಹೋಗೋದು."

"ಹಾಗಾದ್ರೆ ನಮ್ಮವನೇ," ಎಂದು ಭಾವ ಮೊದಲ ಬಾರಿಗೆ ನಕ್ಕರು.

ತುದಿ ಎಲ್ಲಿಗೆ ಬಂದಿದೆಯೆಂದು ತಿಳಿಯಲು ಡಾಕ್ಟರು ಒಂದು ಉಪಾಯ ಹೇಳಿಕೊಟ್ಟಿದ್ದರು. ನರದ ದಾರಿಗುಂಟ ಮೆಲ್ಲಗೆ ಬಡಿಯುತ್ತ ಹೋಗಬೇಕು. ಬೆಳೆಯುವ ತುದಿಯ ಮೇಲೆ ಪೆಟ್ಟು ಬಿದ್ದಾಗ ಬೆರಳಿಗೆ ಜುಮ್ಮೆಂದು ಮಿಂಚು ಹೊಡೆಯುತ್ತದೆ. ಈ ಕೆಲಸ ನನ್ನ ಪಾಲಿಗೆ ಬಂತು. ಕಚೇರಿಯಲ್ಲಿ ಮೇಜು ಕುಟ್ಟಿಕೊಂಡೇ ತಲೆ ನರೆಸಿಕೊಂಡವನು ನಾನು. ಈ ಮನೆತನದಲ್ಲಿ ಇಷ್ಟು ಅನುಭವ ಇನ್ನಾರಿಗೂ ಇರಲಿಲ್ಲ. ಪ್ರತಿ ಭಾನುವಾರ ಬಡಿದೆ. ಮಿಂಚು ಮಣಿಕಟ್ಟಿನ ಗೆರೆ ದಾಟಿತು, ಅಂಗೈಯ ನಡುವಿಗೆ ಬಂತು, ಬೆರಳ ಬುಡಕ್ಕೆ ಬಂದು ನಿಂತಿತು. ನಿಂತದ್ದು ನಿಂತೇಬಿಟ್ಟಿತು.

"ಜೋರಾಗಿ ಬಡಿಯಯ್ಯಾ," ಎಂದರು ಭಾವ. ಬಡಿದೆ. ಊಹೂಂ. ಮುಂದಿನ ಭಾನುವಾರವೂ ಅಲ್ಲೇ. ಅದರ ಮುಂದಿನ ವಾರ ಭಾವ ಕೈ ಚಾಚಲೇ ಇಲ್ಲ. "ಬಿಡು, ಆಯ್ತು ಅಂತ ಕಾಣುತ್ತೆ," ಎಂದು ಅರಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿಡತೊಡಗಿದರು.

"ಒಂದೇ ಸಮ ಓಡೋಕೆ ಅದೇನು ರೈಲಾ ಅಪ್ಪ?" ಎಂದು ಮಗಳು ಬೈದಳು. "ಹಿಡಿತ ಸಿಗದ ಕಡೆ ಬೆರಳು ಮಡಿಸ್ಕೊಂಡು ಕೂರುತ್ತೆ. ಆಮೇಲೆ ಇನ್ನೊಂದು ಕಡೆ ಚಾಚುತ್ತೆ. ನೀವು ಒಂದು ಬೀಗದ ಮುಂದೆ ಎಷ್ಟು ಹೊತ್ತು ಕೂತಿಲ್ಲ?"

ಕೊನೆಗೂ ಸ್ಪರ್ಶ ಬಂತು. ಆದರೆ ಬಂದ ವಿಳಾಸ ತಪ್ಪಾಗಿತ್ತು. ತೋರುಬೆರಳನ್ನು ಚಿವುಟಿದರೆ ಭಾವ ನಡುಬೆರಳನ್ನು ಊದಿಕೊಳ್ಳುತ್ತಿದ್ದರು. ಹೊಲಿಗೆ ದಾಟುವಾಗ ಒಂದಷ್ಟು ತುದಿಗಳು ಪಕ್ಕದ ಕೊಳವೆಗೆ ನುಗ್ಗಿದ್ದವು; ಇನ್ನು ಅವು ವಾಪಸು ಬರುವುದಿಲ್ಲ, ಮಿದುಳೇ ಹೊಸದಾಗಿ ಕಲಿಯಬೇಕು ಎಂದಳು ಮಗಳು. ಶುರುವಾಯಿತು ಮನೆಯಲ್ಲಿ ಪಾಠ. ಭಾವ ಕಣ್ಣು ಮುಚ್ಚುವುದು, ನಾವು ಕೈಗೆ ಏನಾದರೂ ಕೊಡುವುದು, ಅವರು ಹೇಳುವುದು, ಕಣ್ಣು ತೆರೆದು ನೋಡಿ ಮತ್ತೆ ಮುಟ್ಟುವುದು. ಗುಂಡಿ, ಸೂಜಿ, ಅಕ್ಕಿಕಾಳು. ಒಮ್ಮೆ ನಾನು ನನ್ನ ಮೂಗನ್ನೇ ಒಡ್ಡಿದೆ. ಬಹಳ ಹೊತ್ತು ಸವರಿ, "ಹಳೇ ನಲ್ಲಿ, ಸೋರ್ತಾ ಇದೆ," ಎಂದರು. ನನಗೆ ನೆಗಡಿಯಾಗಿತ್ತು.

ಬೇಸಿಗೆ ಬಂದೇಬಿಟ್ಟಿತು. ಒಂದು ಬೆಳಿಗ್ಗೆ ಎದುರಿನ ಔಷಧಿ ಅಂಗಡಿಯವರು ಕೀ ಕಳೆದುಕೊಂಡು ತಮ್ಮ ಷಟರಿನ ಮುಂದೆ ಒದ್ದಾಡುತ್ತಿದ್ದರು. ಚೀಟಿ ಹಿಡಿದವರು ಸಾಲಾಗಿ ನಿಂತಿದ್ದರು.

"ಕೊಯ್ದುಬಿಡಿ ಭಾವ!" ಎಂದರು ಔಷಧಿಯವರು.

"ಕೊಯ್ಯೋದು ಇದ್ದೇ ಇದೆ. ಸ್ವಲ್ಪ ತಡೀರಿ," ಎಂದು ಭಾವ ಕುಕ್ಕರುಗಾಲಲ್ಲಿ ಕೂತು ತಂತಿ ತೂರಿಸಿದರು. ಕಣ್ಣು ಮುಚ್ಚಿದರು. ತುಟಿ ಮಾತ್ರ ಆಡುತ್ತಿತ್ತು. ಪಕ್ಕದಲ್ಲೇ ಬಗ್ಗಿದ್ದ ನನಗೆ ಕೇಳಿಸಿತು: "ನಡುಬೆರಳು ಹೇಳ್ತಿದೆ... ಅಂದ್ರೆ ತೋರುಬೆರಳು... ಹೂಂ." ಒಂದು ಪಿನ್ನು ಎದ್ದಿತು, ಜಾರಿತು. ಹಣೆಯ ಬೆವರು ಮೂಗಿನ ತುದಿಗೆ ಬಂತು. ಸಾಲಿನಲ್ಲಿದ್ದ ಮುದುಕರೊಬ್ಬರು, "ನನ್ನ ಕೆಮ್ಮು ತಾನಾಗೇ ವಾಸಿಯಾಗುತ್ತೆ ಬಿಡಿ," ಎಂದು ಗೊಣಗಿದರು. ಭಾವ ತಂತಿ ಹಿಂದಕ್ಕೆಳೆದು, ಇನ್ನೊಂದು ಓರೆಯಲ್ಲಿ ತೂರಿಸಿ, ಮತ್ತೆ ತಡಕಿದರು.

ಟಕ್. ಬೀಗ ಬಾಯಿ ಬಿಟ್ಟಿತು.

ಜನ ಹೋ ಎಂದರು. ಔಷಧಿಯವರು ಷಟರಿಗೆ ಕೈ ಹಾಕಿದರು. ಅಷ್ಟರಲ್ಲಿ ಭಾವ ಬೀಗವನ್ನು ಹಾಗೇ ಒತ್ತಿ ಮತ್ತೆ ಹಾಕಿಬಿಟ್ಟರು.

"ಅಯ್ಯೋ! ಏನ್ ಮಾಡಿದ್ರಿ ಮಾರಾಯ್ರೇ! ತೆಗೆದಿದ್ದನ್ನ ಯಾಕ್ ಹಾಕಿದ್ರಿ?"

"ಒಂದ್ಸಲ ಯಾರಿಗೆ ಬೇಕಾದ್ರೂ ಅದೃಷ್ಟ ಹತ್ತುತ್ತೆ," ಎಂದರು ಭಾವ ತಲೆಯೆತ್ತದೆ. "ನಂಗೆ ಗೊತ್ತಾಗ್ಬೇಕಲ್ಲ."

ಸಾಲಿನಲ್ಲಿ ದೊಡ್ಡ ಗದ್ದಲವೆದ್ದಿತು. ನಾನು ಇವರು ಯಾರೋ ನನಗೆ ಗೊತ್ತೇ ಇಲ್ಲ ಎಂಬಂತೆ ಎರಡು ಹೆಜ್ಜೆ ಹಿಂದೆ ಸರಿದೆ. ಭಾವ ಕಣ್ಣು ಮುಚ್ಚಿದರು. ಈ ಸಲ ತುಟಿ ಆಡಲಿಲ್ಲ. ಬೈಗುಳ ಇನ್ನೂ ನಡೆದಿರುವಾಗಲೇ ಬೀಗ ತೆರೆದುಕೊಂಡಿತು.

ಔಷಧಿಯವರು ಅದನ್ನು ಕಿತ್ತುಕೊಂಡು ಜೇಬಿಗೆ ಸೇರಿಸಿ ಜೇಬಿನ ಮೇಲೆ ಕೈಯಿಟ್ಟುಕೊಂಡರು.

"ಇನ್ನೊಂದ್ಸಲ ಕೊಡಿ," ಎಂದು ಭಾವ ಬಲಗೈ ಚಾಚಿದರು. "ಒಂದೇ ಒಂದ್ಸಲ."