ನ್ಯಾಮಿಸಿ ಮೊದಲು ತಾರೀಖು ಓದುತ್ತಾಳೆ

ದೊಡ್ಡ ಸರೋವರದ ನಡುವಿನ ಉಕೆರೆವೆ ದ್ವೀಪದ ರೇಡಿಯೊದಲ್ಲಿ ನ್ಯಾಮಿಸಿ ಗಾಳಿಯ ಸುದ್ದಿ ಓದುವ ಮೊದಲು ಎರಡು ಸಂಗತಿ ಹೇಳುತ್ತಾಳೆ: ಇವತ್ತಿನ ತಾರೀಖು, ಕಂಪ್ಯೂಟರಿಗೆ ಬಂದ ಕಡತದ ತೂಕ, ಇಷ್ಟು ಎಂಬಿ ಎಂದು. ಹೊಸಬರಿಗೆ ನಗು ಬರುತ್ತದೆ. ದೋಣಿಯವರು ಮಾತ್ರ ಅದು ಮುಗಿಯುವವರೆಗೆ ಲಂಗರಿಗೆ ಕೈ ಹಚ್ಚುವುದಿಲ್ಲ.

ಮೊದಲೆಲ್ಲ ಅವಳು ಸಾವಿನ ಸುದ್ದಿ, ಕಳೆದುಹೋದ ಆಡು, ಮದುವೆಯ ಕರೆ ಓದುತ್ತಿದ್ದವಳು. ಆಮೇಲೆ ಆಚೆ ದಡದ ಮ್ವಾಂಜಾ ಪಟ್ಟಣದಿಂದ ಒಬ್ಬ ತಂತ್ರಜ್ಞ ಬಂದು ಸ್ಟೇಷನ್ನಿನ ಹಳೆಯ ಕಂಪ್ಯೂಟರಿನಲ್ಲಿ ಒಂದು ಸಾಲು ಬರೆದುಕೊಟ್ಟು ಹೋದ. ಕರಿ ಪರದೆಯಲ್ಲಿ ಕರ್ಲ್ ಎಂದು ಶುರುವಾಗುವ ಆ ಸಾಲನ್ನು ಒತ್ತಿದರೆ ಹವಾಮಾನದವರ ಕಡತ ಇಂಟರ್ನೆಟ್ಟಿನಿಂದ ತಾನಾಗಿ ಇಳಿದು ಬರುತ್ತಿತ್ತು, ಇನ್ನೊಂದು ಪ್ರೋಗ್ರಾಂ ಅದರಿಂದ ಸರೋವರದ ಗಾಳಿಯ ಅಂಕಿ ತೆಗೆದುಕೊಡುತ್ತಿತ್ತು. ಸಾಲಿನ ನಡುವೆ ಒಂದು ಅಕ್ಷರವಿತ್ತು. ಕೆಲಸ ಮಾಡುವಾಗ ಸುಮ್ಮನಿರು ಎಂದು ಹೇಳುವ ಅಕ್ಷರ. ಪರದೆಯ ತುಂಬ ಅಂಕಿ ಓಡಿದರೆ ನೀವು ಹೆದರುತ್ತೀರಿ ಎಂದಿದ್ದ ಆತ.

ದೋಣಿಯ ಹಿರಿಯರು ಅವಳ ಸುದ್ದಿಯನ್ನು ಬಹಳ ದಿನ ಗೇಲಿ ಮಾಡಿದರು. ಮೋಡ ನೋಡಿ ಮುದುಕರಾದವರಿಗೆ ಡಬ್ಬಿಯೊಳಗಿನ ಗಾಳಿ ಯಾಕೆ ಎಂದರು. ನಂಬಿದವನು ಒಬ್ಬನೇ, ಅವಳ ಸೋದರಮಾವ ಮಸಾತು. ಅವನ ಹಿಂದೆ ನಿಧಾನವಾಗಿ ಉಳಿದ ಹತ್ತು ದೋಣಿಗಳೂ ಬಂದವು.

ಅದು ಶನಿವಾರ. ಚಂದ್ರನಿಲ್ಲದ ರಾತ್ರಿಗಳು ಶುರುವಾಗಿದ್ದವು. ದೀಪ ಹಚ್ಚಿ ದಗಾ ಎಂಬ ಪುಟ್ಟ ಮೀನು ಹಿಡಿಯುವವರಿಗೆ ತಿಂಗಳ ದುಡಿಮೆಯೆಲ್ಲ ಆ ಕೆಲವು ರಾತ್ರಿಗಳೇ. ಸಂಜೆ ನಾಲ್ಕಕ್ಕೆ ನ್ಯಾಮಿಸಿ ಮೆಲುಗಾಳಿ ಎಂದು ಓದಿದಳು. ನಾಲ್ಕೂವರೆಗೆ ಹನ್ನೊಂದು ದೋಣಿಗಳೂ ದಡ ಬಿಟ್ಟವು.

ಐದಕ್ಕೆ ಹತ್ತು ನಿಮಿಷ ಇರುವಾಗ ಅಂಕಿಗಳನ್ನು ನೋಟ್‌ಬುಕ್ಕಿಗೆ ಬರೆಯಲು ಕೂತಳು. ಬರೆದದ್ದು ಮೇಲಿದ್ದ ನಿನ್ನೆಯ ಸಾಲಿನಂತೆಯೇ ಇತ್ತು. ಒಂದಂಕಿಯೂ ಬೇರೆಯಿಲ್ಲ. ಗಾಳಿ ಎರಡು ದಿನ ಒಂದೇ ಹೆಜ್ಜೆಯಲ್ಲಿ ನಡೆಯುವುದಿಲ್ಲ.

ಕಡತ ಹುಡುಕಿದಳು. ಅರವತ್ತು ಎಂಬಿ ಇರಬೇಕಾದದ್ದು ನಾಲ್ಕು ಕೆಬಿಯೂ ಇರಲಿಲ್ಲ. ತೆರೆದು ನೋಡಿದರೆ ಒಳಗಿದ್ದದ್ದು ಗಾಳಿಯಲ್ಲ, ಫೋನ್ ಕಂಪನಿಯ ಪುಟ: ನಿಮ್ಮ ಡೇಟಾ ಪ್ಯಾಕ್ ಮುಗಿದಿದೆ, ಮತ್ತೆ ಹಾಕಿಸಿಕೊಳ್ಳಿ. ಕರ್ಲ್ ಆ ಪುಟವನ್ನೇ ಕಡತವೆಂದು ತಂದಿಟ್ಟು, ಹೇಳಿಕೊಟ್ಟ ಹಾಗೆ ಸುಮ್ಮನಿತ್ತು. ಓದಲು ಬಾರದ್ದನ್ನು ಪಕ್ಕಕ್ಕೆ ಸರಿಸಿ ಪ್ರೋಗ್ರಾಂ ನಿನ್ನೆಯ ಅಂಕಿಗಳನ್ನೇ ಮತ್ತೆ ಕೊಟ್ಟಿತ್ತು.

ದೋಣಿಯವರು ಫೋನುಗಳನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ, ನೀರಿಗೆ ಬಿದ್ದರೆ ನಷ್ಟವೆಂದು. ರೇಡಿಯೊ ಮಾತ್ರ ಒಯ್ಯುತ್ತಾರೆ.

ಸ್ಟೇಷನ್ ನೋಡಿಕೊಳ್ಳುವ ಮನ್ಯಾಮನ ಫೋನಿನಲ್ಲಿ ಒಂಬತ್ತು ಎಂಬಿ ಉಳಿದಿತ್ತು. ಪ್ಯಾಕ್ ಮಾರುವ ಗೂಡಂಗಡಿಗೆ ಬೀಗ, ಅಂಗಡಿಯವನು ರೇಡಿಯೊದಲ್ಲಿ ಬರುತ್ತಿದ್ದ ಫುಟ್‌ಬಾಲ್ ಮ್ಯಾಚ್ ಕೇಳಲು ಹೋಗಿದ್ದ. ಅರವತ್ತನ್ನು ಒಂಬತ್ತರಲ್ಲಿ ತುಂಬಿಸುವುದು ಹೇಗೆ? ತಂತ್ರಜ್ಞ ಬಿಟ್ಟುಹೋದ ಜೆರಾಕ್ಸ್ ಹಾಳೆಗಳನ್ನು ಅವಳು ಬಿಡುವಿನಲ್ಲಿ ಎಷ್ಟೋ ಸಲ ಓದಿದ್ದಳು. ಕಡತ ತರಿಸದೆ ತಾರೀಖು, ತೂಕ ಬರೆದ ಅದರ ಮೇಲಿನ ಚೀಟಿಯನ್ನಷ್ಟೇ ಕೇಳಬಹುದು. ಇಡೀ ಕಡತ ಬೇಡ, ಇಲ್ಲಿಂದ ಇಲ್ಲಿಯವರೆಗಿನ ತುಂಡು ಸಾಕು ಎನ್ನಬಹುದು. ಈ ರಾತ್ರಿಯ ಗಂಟೆಗಳು ಕಡತದ ಮೊದಲಲ್ಲೇ ಇರುತ್ತವೆಂಬುದು ಅವಳಿಗೆ ಗೊತ್ತಿತ್ತು.

ಮನ್ಯಾಮನ ಫೋನಿನ ನೆಟ್ಟಿಗೆ ಕಂಪ್ಯೂಟರನ್ನು ಜೋಡಿಸಿ, ಸುಮ್ಮನಿರು ಎಂಬ ಅಕ್ಷರವನ್ನು ಅಳಿಸಿದಳು. ಚೀಟಿ ಬಂತು: ಇವತ್ತಿನ ತಾರೀಖು, ಅರವತ್ತು ಎಂಬಿ. ಮೊದಲ ಎಂಟು ಎಂಬಿ ಕೊಡು ಎಂದು ಬರೆದು ಒತ್ತಿದಳು. ಅಂಕಿ ಓಡಿತು. ಒಂದು, ಎರಡು, ನಾಲ್ಕು. ಐದರಲ್ಲಿ ನಿಂತಿತು. ನೆಟ್‌ವರ್ಕ್ ಹೋಗಿತ್ತು. ಮತ್ತೆ ಮೊದಲಿನಿಂದ ಕೇಳಿದರೆ ಪ್ಯಾಕ್ ಸಾಲದು. ಫೋನನ್ನು ಕಿಟಕಿಯ ಸರಳಿಗೆ ಕಟ್ಟಿ, ಬಿಟ್ಟಲ್ಲಿಂದ ಎಂಟರವರೆಗೆ ಎಂದು ತಿದ್ದಿ ಬರೆದಳು. ಅವಸರದಲ್ಲಿ ಅಂಕಿ ತಪ್ಪಿತು. ಅಳಿಸಿ ಮತ್ತೆ ಬರೆದಳು. ಕಿಟಕಿಯಾಚೆ ಸರೋವರ ಎಣ್ಣೆ ಸವರಿದಂತೆ ನಿಶ್ಚಲವಾಗಿತ್ತು. ಆ ನಿಶ್ಚಲತೆಯನ್ನೇ ಅವಳಿಂದ ನೋಡಲಾಗಲಿಲ್ಲ.

ತುಂಡು ಬಂತು, ಪ್ರೋಗ್ರಾಂ ಅದರಿಂದ ಅಂಕಿ ತೆಗೆದುಕೊಟ್ಟಿತು. ರಾತ್ರಿ ಎಂಟರ ನಂತರ ಪೂರ್ವದಿಂದ ಬಿರುಗಾಳಿ, ಎರಡು ಮೀಟರ್ ಅಲೆ.

ಮ್ಯಾಚಿನ ಪ್ರಸಾರ ನಿಲ್ಲಿಸಬೇಕು ಎಂದು ಅವಳು ಹೇಳಿದಾಗ ಮನ್ಯಾಮ ಹೊರಗೆ ನೋಡಿದ. ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ಕತ್ಲೆ ರಾತ್ರಿ ಇರೋದೇ ನಾಲ್ಕು. ವಾಪಸ್ ಕರೆಸಿ, ಗಾಳಿ ಬೀಸ್ಲಿಲ್ಲ ಅಂದ್ರೆ? ನಾಳೆಯಿಂದ ನಿನ್ ಮಾತು ಯಾರ್ ಕೇಳ್ತಾರೆ?"

"ಬೀಸಿದ್ರೆ ಕೇಳೋಕೆ ಯಾರಿರ್ತಾರಣ್ಣ?"

ಅವನು ಗುಂಡಿ ತಿರುಗಿಸಿದ. ಪೆನಾಲ್ಟಿ ಹೊಡೆಯುವ ಹೊತ್ತಿಗೆ ದ್ವೀಪದ ರೇಡಿಯೊಗಳೆಲ್ಲ ಮ್ಯಾಚ್ ಬಿಟ್ಟು ನ್ಯಾಮಿಸಿಯ ದನಿ ಹಿಡಿದವು.

"ನಾಲ್ಕಕ್ಕೆ ನಾನು ಓದಿದ್ದು ನಿನ್ನೆ ಗಾಳಿ. ತಪ್ಪು ನಂದು. ಎಂಟಕ್ಕೆ ಬಿರುಗಾಳಿ ಇದೆ. ಎಲ್ರೂ ತಿರುಗಿಸ್ಕೊಳ್ಳಿ. ಮಾವಾ, ನೀನೂನು."

ಮೂರು ಸಲ ಹೇಳಿ ದಡಕ್ಕೆ ಓಡಿದಳು. ಮೀನು ಒಣಗಿಸುವ ಬಲೆಗಳ ಬಳಿ ಹೆಂಗಸರು ಸೇರಿದ್ದರು. ಅವಳಿಗೆ ಜಾಗ ಬಿಟ್ಟು ನೀರಿನತ್ತ ತಿರುಗಿದರು. ಏಳರ ಹೊತ್ತಿಗೆ ದೀಪಗಳು ಕಂಡವು. ಆರು. ಒಂಬತ್ತು. ಹತ್ತು. ಅಷ್ಟರಲ್ಲಿ ಮೊದಲ ತಣ್ಣನೆಯ ಗಾಳಿ ಅವಳ ಕುತ್ತಿಗೆಗೆ ತಾಗಿತು.

ಅವಳ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು ಎಲ್ಲರಿಗಿಂತ ದೂರ ಹೋಗಿದ್ದ. ಅದನ್ನು ಹತ್ತನೆಯ ದೋಣಿಯವರು ಹೇಳಿದರು.

ಎಂಟಕ್ಕೆ ಅಲೆ ಕಲ್ಲಿಗೆ ಬಡಿಯತೊಡಗಿದಾಗ ಹನ್ನೊಂದನೆಯ ದೀಪ ಏಳುತ್ತ ಮುಳುಗುತ್ತ ಬಂತು. ದೋಣಿಯಲ್ಲಿ ಅರ್ಧ ನೀರು. ಮಸಾತು ಸೊಂಟದವರೆಗೆ ನೆನೆದು ಇಳಿದ, ಹಗ್ಗ ಕಟ್ಟಿದ, ಆಮೇಲೆ ಅವಳತ್ತ ತಿರುಗಿದ.

"ಪೆನಾಲ್ಟಿ ಏನಾಯ್ತೇ?"

ಅವಳಿಗೆ ಗೊತ್ತಿರಲಿಲ್ಲ. ಅಳು ಬಂತು. ಅವನು ಒದ್ದೆ ಕೈಯನ್ನು ಅವಳ ತಲೆಯ ಮೇಲಿಡಲು ಹೋಗಿ, ನೀರೆಂದು ಹಿಂದಕ್ಕೆ ತೆಗೆದುಕೊಂಡ.

"ನಾಳೆಯಿಂದ ಮೊದ್ಲು ತಾರೀಖು ಓದು," ಎಂದ. "ಗಾಳಿ ಆಮೇಲೆ."